ಓಕೆ ಎಂದರೆ ಒಪ್ಪಿಗೆಯೇ?

ಹೆಬ್ಬೂರಿನ ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ನಿಂತರೆ ‘ಓಕೆ’ ಎಂಬ ಮಾತು ಹತ್ತಾರು ಬಾರಿ ಕಿವಿಗೆ ಬೀಳುತ್ತದೆ. ಕುಣಿಗಲ್ ಬಸ್ಸಿಗೆ ಕಾಯುವವರು ಮೊಬೈಲಿನಲ್ಲಿ ಮಾತು ಮುಗಿಸುವುದು ಓಕೆಯಿಂದಲೇ. ತೆಂಗಿನಕಾಯಿಯ ದರ ಕುದುರಿದರೆ ‘ವ್ಯಾಪಾರ ಓಕೆ ಆಯ್ತು’, ಸಾಲ ಮಂಜೂರಾದರೆ ‘ಲೋನ್ ಓಕೆ ಆಯ್ತು’. ಶಾಲೆಯ ಮುಖವನ್ನೇ ಕಾಣದ ನಮ್ಮ ಬೀದಿಯ ಅಜ್ಜಿಯೊಬ್ಬರೂ ‘ಓಕೇನಾ?’ ಎನ್ನುತ್ತಾರೆ. ಇಷ್ಟು ಸಲೀಸಾಗಿ ನಮ್ಮ ಪ್ರತ್ಯಯ ಹಚ್ಚಿಕೊಂಡ ಪದವನ್ನು ಪರಕೀಯವೆನ್ನಲು ನನಗೆ ಮನಸ್ಸು ಬರುವುದಿಲ್ಲ.

ವಿಶೇಷವೆಂದರೆ ಈ ಪದ ಹುಟ್ಟಿದ್ದೇ ತಪ್ಪು ಕಾಗುಣಿತದಿಂದ. (ಕಾಗುಣಿತಕ್ಕಾಗಿ ನನ್ನಿಂದ ಬೈಸಿಕೊಂಡ ಶಿಷ್ಯರು ಸಂತೋಷಪಡಬಹುದು!) ‘ಆಲ್ ಕರೆಕ್ಟ್’ ಎಂಬುದನ್ನು ತಮಾಷೆಗಾಗಿ ಬೇಕೆಂದೇ ತಪ್ಪಾಗಿ ಬರೆದು, ಅದರ ಮೊದಲಕ್ಷರಗಳೆಂದು ‘ಓ.ಕೆ.’ ಎಂದು ಅಚ್ಚು ಮಾಡಿದ್ದು 1839ರ ಮಾರ್ಚ್ 23ರ ‘ಬೋಸ್ಟನ್ ಮಾರ್ನಿಂಗ್ ಪೋಸ್ಟ್’ ಪತ್ರಿಕೆ. ಮರುವರ್ಷ ಅಮೆರಿಕದ ಅಧ್ಯಕ್ಷ ಮಾರ್ಟಿನ್ ವ್ಯಾನ್ ಬ್ಯೂರೆನ್ ಅವರ ಬೆಂಬಲಿಗರು, ಅವರ ಊರು ಕಿಂಡರ್‌ಹುಕ್ ನೆನಪಿಗೆ ‘ಓಲ್ಡ್ ಕಿಂಡರ್‌ಹುಕ್’ ಎಂದು ಇದೇ ಎರಡಕ್ಷರಗಳನ್ನು ಚುನಾವಣೆಯಲ್ಲಿ ಮೆರೆಸಿದರು. ಅವರು ಸೋತರು, ಪದ ಗೆದ್ದಿತು. ಇದನ್ನೆಲ್ಲ 1960ರ ದಶಕದಲ್ಲಿ ಹುಡುಕಿ ತೋರಿಸಿದವರು ಅಲೆನ್ ವಾಕರ್ ರೀಡ್ ಎಂಬ ವಿದ್ವಾಂಸರು.

ಕನ್ನಡದಲ್ಲಿ ಈ ಕೆಲಸವನ್ನು ಹಲವು ಪದಗಳು ಹಂಚಿಕೊಂಡಿದ್ದವು. ‘ಹೂಂ’ ಎಂದರೆ ಕೇಳಿಸಿಕೊಳ್ಳುತ್ತಿದ್ದೇನೆ ಎಂದಷ್ಟೇ. ಕಥೆ ಕೇಳುವ ಮಗು ಹೂಂಗುಟ್ಟುವುದು ಕಥೆಯನ್ನು ಒಪ್ಪಿಯಲ್ಲ. ‘ಆಗಲಿ’ ವಿಧ್ಯರ್ಥಕ ರೂಪ, ಅನುಮತಿ ಕೊಡುವ ಹಿರಿಯರ ಮಾತು. ‘ಆಯಿತು’ ಭೂತಕಾಲದ ಕ್ರಿಯಾಪದ. ಕೆಲಸ ಇನ್ನೂ ಆರಂಭವೇ ಆಗಿರುವುದಿಲ್ಲ, ಆದರೂ ಮುಗಿದೇಹೋಯಿತೆಂಬ ಭರವಸೆ! ‘ಒಪ್ಪಿದೆ’ ಎನ್ನಲು ಮಾತ್ರ ಮನಸ್ಸು ಬೇಕು. ಓಕೆ ಇವೆಲ್ಲವನ್ನೂ ಒಂದೇ ಚೀಲಕ್ಕೆ ತುಂಬಿತು.

ಇದರ ಪರಿಣಾಮವನ್ನು ನಾನು ಕಣ್ಣಾರೆ ಕಂಡದ್ದು ಸಂಬಂಧದಲ್ಲಿ ತಮ್ಮನಾಗಬೇಕಾದವನೊಬ್ಬನ ಮನೆಯಲ್ಲಿ, ಹೆಣ್ಣು ನೋಡುವ ಶಾಸ್ತ್ರದ ದಿನ. (ಹೆಸರು ಹೇಳುವುದಿಲ್ಲ, ಬಂಧುಗಳು ಊಹಿಸಿದರೆ ಸುಮ್ಮನಿರಬೇಕು.) ಗಂಡಿನ ಕಡೆಯವರು ಮೆಚ್ಚಿದ್ದರು. ಪದವಿಯ ಕೊನೆಯ ವರ್ಷದಲ್ಲಿದ್ದ ಮಗಳನ್ನು ತಂದೆ ಎಲ್ಲರೆದುರಿಗೇ ‘ಏನಮ್ಮ, ಓಕೇನಾ?’ ಎಂದು ಕೇಳಿದ. ‘ಓಕೆ ಅಪ್ಪ’ ಎಂದಳು. ಎಲ್ಲರೂ ನಕ್ಕರು. ಮಾತು ಛತ್ರದ ಬಾಡಿಗೆಯತ್ತ ತಿರುಗಿತು.

ಅವಳ ದನಿ ನನಗೆ ಹಿಡಿಸಲಿಲ್ಲ. ಹಿತ್ತಲಿನಲ್ಲಿ ಲೋಟ ತೊಳೆಯುತ್ತಿದ್ದವಳನ್ನು ‘ನಿನಗೆ ಒಪ್ಪಿಗೆಯೇನಮ್ಮ?’ ಎಂದು ಕೇಳಿದೆ. ಬಹಳ ಹೊತ್ತು ಮಾತಿಲ್ಲ.

‘ಅಷ್ಟು ಜನರ ಮುಂದೆ ಇನ್ನೇನು ಹೇಳಲಿ ದೊಡ್ಡಪ್ಪ? ನಾನು ಎಂ.ಎಸ್ಸಿ. ಓದಬೇಕು ಅಂತಿದೀನಿ.’

ಒಳಗೆ ಹೋಗಿ ಅವಳ ತಂದೆಯನ್ನು ಪಕ್ಕಕ್ಕೆ ಕರೆದು ಹೇಳಿದೆ. ಮಾತುಕತೆ ಅಲ್ಲಿಗೇ ನಿಂತಿತು. ಹುಡುಗಿ ಓದಿದಳು. ಅವನು ಮಾತ್ರ ಒಂದು ವರ್ಷ ನಮ್ಮ ಮನೆಯ ಹಬ್ಬಕ್ಕೂ ಬರಲಿಲ್ಲ.

ಅವಳ ಓದು ಮುಗಿದ ಮೇಲೆ ಮತ್ತೊಂದು ಸಂಬಂಧ ಕೂಡಿಬಂತು. ಆಗ ಅವನೇ ಫೋನ್ ಮಾಡಿದ: ‘ಅಣ್ಣಯ್ಯ, ನೀನೇ ಬಂದು ಅವಳನ್ನ ಒಂದು ಮಾತು ಕೇಳು. ನಾನು ಕೇಳಿದರೆ ಓಕೆ ಅಂತಾಳೆ.’