‘ಮನೇಲೇ ಇದ್ದಾನೆ’

ನಮ್ಮ ಕಡೆ ಮದುವೆ ಮನೆಗಳಲ್ಲಿ ಪಂಕ್ತಿಗೆ ಕಾಯುತ್ತಾ ಕೂತಾಗ ಎಲ್ಲರೂ ಎಲ್ಲರ ಮಕ್ಕಳ ವಿಚಾರ ಕೇಳುತ್ತಾರೆ. ಒಬ್ಬರ ಮಗ ಬೆಂಗಳೂರಲ್ಲಿ, ಇನ್ನೊಬ್ಬರ ಮಗಳು ಮಂಗಳೂರಲ್ಲಿ ನರ್ಸ್. ನಮ್ಮ ದೊಡ್ಡಮ್ಮನ ಸರದಿ ಬಂದಾಗ ಉತ್ತರ ಎರಡೇ ಮಾತು: ‘ಮನೇಲೇ ಇದ್ದಾನೆ.’ ಕೇಳಿದವರು ಅಲ್ಲಿಗೆ ಮಾತು ಬದಲಿಸುತ್ತಾರೆ.

ಅಣ್ಣನಿಗೆ ಈಗ 34 ವರ್ಷ. ಚಿಕ್ಕಂದಿನಿಂದ ಬುದ್ಧಿಯ ಬೆಳವಣಿಗೆ ನಿಧಾನ. ಲೆಕ್ಕ ಹತ್ತರ ಮೇಲೆ ಹೋಗುವುದಿಲ್ಲ, ನೋಟನ್ನು ಬಣ್ಣ ನೋಡಿ ಗುರುತು ಹಿಡಿಯುತ್ತಾನೆ. ಹೀಗೆ ‘ಮನೇಲೇ’ ಇರುವವನು ಬೆಳಿಗ್ಗೆ ಎದ್ದು ಕೊಟ್ಟಿಗೆಯ ಸಗಣಿ ತೆಗೆಯುತ್ತಾನೆ, ದನಕ್ಕೆ ಹುಲ್ಲು ತರುತ್ತಾನೆ, ಬಚ್ಚಲ ಒಲೆಗೆ ಸೌದೆ ಒಟ್ಟುತ್ತಾನೆ. ಕಾಫಿ ಕುಯ್ಲಿನಲ್ಲಿ ಗಿಡದ ಬುಡಕ್ಕೆ ಉದುರಿದ ಹಣ್ಣು ಹೆಕ್ಕುತ್ತಾನೆ. ಬಗ್ಗಿ ಬಗ್ಗಿ ಸೊಂಟ ಬೀಳುವ ಕೆಲಸ ಅದು, ಯಾರಿಗೂ ಇಷ್ಟವಿಲ್ಲ. ಆದರೆ ಹಣ್ಣು ಹಾಗೇ ಬಿಟ್ಟರೆ ಕಾಯಿಕೊರಕ ಹುಳಕ್ಕೆ ಮನೆ ಕಟ್ಟಿಕೊಟ್ಟ ಹಾಗೆ ಅಂತ ಬೆಳೆಗಾರರಿಗೆಲ್ಲ ಗೊತ್ತು. ಅಣ್ಣ ಹೆಕ್ಕಿದ ಗಿಡದ ಕೆಳಗೆ ಒಂದು ಕಾಳು ಉಳಿದಿರುವುದಿಲ್ಲ. ಅಕ್ಕಪಕ್ಕದ ತೋಟದವರೂ ಕರೆಯುತ್ತಾರೆ. ಕೊಡುವುದು ಮಧ್ಯಾಹ್ನದ ಊಟ, ಹಳೆಯ ಅಂಗಿ, ಹಬ್ಬ ಬಂದರೆ ನೂರು ರೂಪಾಯಿ. ಕೂಲಿ ಎಂಬ ಮಾತು ಯಾರ ಬಾಯಲ್ಲೂ ಬರುವುದಿಲ್ಲ.

ಪತ್ರಿಕೋದ್ಯಮ ಓದುವಾಗ ನಮಗೆ ಇಂಥವರ ಬಗ್ಗೆ ಬರೆಯಲು ಒಂದು ಸಿದ್ಧ ತಲೆಬರಹವಿತ್ತು: ‘ಕಸದಿಂದ ರಸ ತೆಗೆದ ವಿಶೇಷ ಚೇತನರು’. ವಿಶೇಷ ಶಾಲೆಯ ಮಕ್ಕಳು ಹಳೆ ಪೇಪರಿನಲ್ಲಿ ಹೂವು ಮಾಡಿದರು, ಬಾಟಲಿಗೆ ಬಣ್ಣ ಬಳಿದರು, ಗಣ್ಯರು ಬಂದು ನೋಡಿ ಮೆಚ್ಚಿದರು, ಒಂದು ಫೋಟೊ. ಯಾರಿಗೂ ಬೇಡದ ವಸ್ತು, ಯಾರಿಗೂ ಬೇಡದ ಮನುಷ್ಯ, ಎರಡನ್ನೂ ಒಂದೇ ಸಾಲಲ್ಲಿ ಕೂರಿಸುವ ಆ ತಲೆಬರಹ ನನಗೆ ಅವತ್ತೂ ಹಿಡಿಸಲಿಲ್ಲ. ಆ ಸುದ್ದಿಗಳಲ್ಲಿ ಒಂದು ಪ್ರಶ್ನೆಗೆ ಉತ್ತರವೇ ಇರುತ್ತಿರಲಿಲ್ಲ: ಮಾಡಿದವರ ಕೈಗೆ ತಿಂಗಳಿಗೆ ಎಷ್ಟು ಬಂತು?

ಕಳೆದ ವರ್ಷ ಮಳೆಗಾಲದಲ್ಲಿ ಮನೆಯಿಂದ ಹೊರಗೆ ಕಾಲಿಡಲಾಗದ ದಿನಗಳಲ್ಲಿ ದೊಡ್ಡಮ್ಮ, ನಾನು, ಅಣ್ಣ ಸೇರಿ ಪೇಪರ್ ಕವರ್ ಮಾಡಿ ನೋಡಿದೆವು. ಮೊದಲ ದಿನ ಮಡಿಕೆ ಸೊಟ್ಟ. ಆಮೇಲೆ ರಟ್ಟಿನ ಒಂದು ಅಳತೆ ತುಂಡು ಕತ್ತರಿಸಿ ಕೊಟ್ಟೆ. ರಟ್ಟು ಇಡು, ಪೇಪರ್ ಮಡಿಸು, ರಟ್ಟು ಎಳೆ. ಮೂರನೇ ದಿನಕ್ಕೆ ಅವನ ಕವರ್ ನನ್ನದಕ್ಕಿಂತ ನೇರವಾಗಿತ್ತು. ಹತ್ತರವರೆಗೆ ಎಣಿಸಬಲ್ಲವನಿಗೆ ನೂರು ಎಣಿಸುವುದೂ ಕಷ್ಟವಲ್ಲ ಅಂತ ಆಗ ಗೊತ್ತಾಯಿತು. ಹತ್ತು ಕವರಿಗೆ ಒಂದು ಬಾಳೆನಾರಿನ ಕಟ್ಟು, ಅಂಥ ಹತ್ತು ಕಟ್ಟಿಗೆ ಒಂದು ಚೀಲ. ಮೈದಾ ಅಂಟು ಹಚ್ಚುವುದು ಮಾತ್ರ ಅವನಿಗೆ ಆಗದು, ಕೈಗೆ ಅಂಟಿದರೆ ಸಿಟ್ಟು ಬರುತ್ತದೆ. ಆ ಕೆಲಸ ದೊಡ್ಡಮ್ಮ ವಹಿಸಿಕೊಂಡರು.

ಕೊಟ್ಟಿಗೆಹಾರದಲ್ಲಿ ತಿಂಡಿ ಅಂಗಡಿಗಳಿಗೇನು ಕೊರತೆ ಅಂತ ನೀವು ಕೇಳಬಹುದು. ಘಾಟಿ ಹತ್ತಿ ಬಂದ ಗಾಡಿಗಳೆಲ್ಲ ನೀರುದೋಸೆಗೆ ನಿಲ್ಲುವ ಊರು. ಆದರೆ ತಿಂಡಿಗೆ ನ್ಯೂಸ್ ಪೇಪರ್ ಬಳಸಬಾರದು. ಮುದ್ರಣದ ಶಾಯಿ ಆಹಾರಕ್ಕೆ ಇಳಿಯುತ್ತದೆ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲೇ ಎಚ್ಚರಿಸಿದೆ. ಹಾಗಾಗಿ ಮೆಡಿಕಲ್ ಶಾಪು, ಬಳೆ ಅಂಗಡಿ, ಇಷ್ಟೇ ಗಿರಾಕಿಗಳು. ಮೆಡಿಕಲ್ ಶಾಪಿನವರು ನೂರಕ್ಕೆ 30 ರೂಪಾಯಿ ಕೊಟ್ಟರು. ಇಡೀ ದಿನ ಕೂತರೆ 200 ಕವರ್, ಪೇಪರು ಮತ್ತು ಅಂಟಿನ ಖರ್ಚು ಕಳೆದರೆ ನಲವತ್ತು ರೂಪಾಯಿ ಚಿಲ್ಲರೆ. ಅದೂ ಎರಡು ಜನರ ದುಡಿಮೆಗೆ.

ಇಷ್ಟಾದರೂ ಸಿಕ್ಕಿತಲ್ಲ ಎಂದು ದೊಡ್ಡಮ್ಮನಿಗೆ ಖುಷಿ. ನನಗೆ ಆಗಲಿಲ್ಲ. ಅಣ್ಣನ ಕೈ ನಿಧಾನ ಅಂತ ಹಣ ಕಡಿಮೆ ಬಂದದ್ದಲ್ಲ. ನಾನೇ ಕೂತಿದ್ದರೂ ಕವರಿನಲ್ಲಿ ತೋಟದ ಒಂದು ದಿನದ ಕೂಲಿ ಹುಟ್ಟುವುದಿಲ್ಲ. ಆರಿಸಿದ ವಸ್ತುವೇ ಅಗ್ಗದ್ದು.

ನಮ್ಮಂಥದೇ ಬೆಟ್ಟದ ಸೀಮೆ ಕೇರಳದ ಮುನ್ನಾರ್. ನಮಗೆ ಕಾಫಿ, ಅವರಿಗೆ ಟೀ. ಅಲ್ಲಿನ ತೋಟ ಕಾರ್ಮಿಕರ ಮನೆಗಳಲ್ಲಿ ಅಂಗವೈಕಲ್ಯ ಇರುವ ಮಕ್ಕಳಿಗಾಗಿ 1990ರ ದಶಕದಲ್ಲಿ ಟಾಟಾ ಟೀ ಕಂಪನಿಯ ಬೆಂಬಲದಿಂದ ಬೆಳೆದದ್ದು ‘ಸೃಷ್ಟಿ’ ಎಂಬ ಸಂಸ್ಥೆ. ಅದರ ‘ಅತುಲ್ಯ’ ಘಟಕದಲ್ಲಿ ರದ್ದಿ ಕಾಗದದಿಂದ ಕೈಕಾಗದ ಮಾಡುತ್ತಾರೆ. ‘ಅರಣ್ಯ’ ಘಟಕದಲ್ಲಿ ಗಿಡಮರಗಳ ಬಣ್ಣದಿಂದ ಬಟ್ಟೆಗೆ ಬಣ್ಣ ಹಾಕುತ್ತಾರೆ. ‘ಅರಣ್ಯ’ದ ಬಟ್ಟೆ ಕೊಳ್ಳುವವರು ಬಣ್ಣ ಚೆನ್ನಾಗಿದೆ ಅಂತ ಕೊಳ್ಳುತ್ತಾರೆ. ಕನಿಕರಕ್ಕೆ ಕೊಂಡವರು ಒಂದು ಸಲ ಕೊಳ್ಳುತ್ತಾರೆ, ಚೆಂದಕ್ಕೆ ಕೊಂಡವರು ಮತ್ತೆ ಬರುತ್ತಾರೆ.

ಕೈಕಾಗದದ ಕೆಲಸ ಹೇಗೆಂದು ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಅಣ್ಣನಂಥವರಿಗೆ ಹೊಂದುವ ಗುಟ್ಟು ಅದರೊಳಗೇ ಇದೆ. ಪಿನ್ನು, ಪ್ಲಾಸ್ಟಿಕ್ ತೆಗೆದು ಕಾಗದವನ್ನು ಚೂರು ಮಾಡಬೇಕು. ನೆನೆಸಬೇಕು. ಯಂತ್ರದಲ್ಲಿ ಅರೆದು ದೋಸೆಹಿಟ್ಟಿಗಿಂತ ತೆಳುವಾದ ತಿಳಿ ಮಾಡಬೇಕು. ಗಟ್ಟಿ ಬರಲಿ ಅಂತ ಹತ್ತಿ ಬಟ್ಟೆಯ ಚಿಂದಿಯನ್ನೂ ಅರೆದು ಸೇರಿಸುವುದುಂಟು. ಆ ತೊಟ್ಟಿಗೆ ಜಾಲರಿ ಚೌಕಟ್ಟು ಅದ್ದಿ ಎತ್ತಿದರೆ ನೀರು ಇಳಿದು ಮೇಲೆ ತೆಳು ಪದರ ನಿಲ್ಲುತ್ತದೆ. ಅದನ್ನು ಬಟ್ಟೆಯ ಮೇಲೆ ಮಗುಚಿ, ಒಂದರ ಮೇಲೊಂದು ಪೇರಿಸಿ, ಒತ್ತಿ, ಹಗ್ಗಕ್ಕೆ ಹಾಕಿ ಒಣಗಿಸಿ, ನಯ ಮಾಡಿ, ಕತ್ತರಿಸಿ ಡೈರಿಯೋ ಲಗ್ನಪತ್ರಿಕೆಯೋ ಮಾಡುವುದು. ಎಂಟು ಹತ್ತು ಹಂತ. ಹರಿಯುವುದಷ್ಟೇ ಗೊತ್ತಿರುವವನಿಗೆ ಹರಿಯುವ ಕೆಲಸ, ನೀರು ಇಷ್ಟಪಡುವವನಿಗೆ ತೊಟ್ಟಿ, ಅಣ್ಣನ ಹಾಗೆ ಅಂಚಿಗೆ ಅಂಚು ಕೂಡಿಸುವವನಿಗೆ ಪೇರಿಸುವುದು. ಅರೆಯುವ ಯಂತ್ರ, ಕತ್ತರಿಸುವ ಬ್ಲೇಡು ಮಾತ್ರ ತರಬೇತಾದ ಸಿಬ್ಬಂದಿಯ ಕೈಯಲ್ಲಿರಬೇಕು.

ಕೊಡಗಿನ ಸುಂಟಿಕೊಪ್ಪದಲ್ಲೂ ‘ಸ್ವಸ್ಥ’ ಎಂಬ ವಿಶೇಷ ಶಾಲೆ ಇದೆ, ಟಾಟಾ ಸಮೂಹದ ಕೂರ್ಗ್ ಫೌಂಡೇಶನ್ ನಡೆಸುವುದು, ಅಲ್ಲೂ ವೃತ್ತಿ ತರಬೇತಿ ಕೊಡುತ್ತಾರೆ. ಎರಡು ಕಡೆಯೂ ಬೆನ್ನಿಗೆ ದೊಡ್ಡ ಕಂಪನಿ. ನಮ್ಮಲ್ಲಿ ಎರಡು ಎಕರೆ, ಐದು ಎಕರೆಯ ಬೆಳೆಗಾರರೇ ಹೆಚ್ಚು. ಮಳೆ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಗೆದ ಬಟ್ಟೆಯೇ ಒಣಗದ ಊರಲ್ಲಿ ಕಾಗದ ಒಣಗಿಸುವವರು ಯಾರು? ಅಡಿಕೆ ಹಾಳೆಯ ತಟ್ಟೆ ಮಾಡೋಣ ಅಂದರೆ ಹಾಳೆಗೂ ಬೂಷ್ಟು. ಬೇಸಿಗೆಯಲ್ಲೇ ಒಣಗಿಸಿ ಅಟ್ಟಕ್ಕೇರಿಸಬೇಕು. ಕಾಗದವನ್ನೂ ಹಾಗೇ ಮಾಡಬಹುದು ಅನಿಸುತ್ತದೆ: ಬೇಸಿಗೆಯಲ್ಲಿ ಹಾಳೆ ತೆಗೆದಿಟ್ಟು, ಮಳೆಗಾಲದಲ್ಲಿ ಕೂತು ಡೈರಿ ಹೊಲಿಯುವುದು.

ಕಚ್ಚಾವಸ್ತು ಇದೆ. ಏಪ್ರಿಲ್ ಬಂದರೆ ಶಾಲಾ ಮಕ್ಕಳ ಹಳೆ ನೋಟ್‌ಬುಕ್ ಗುಜರಿಗೆ ಹೋಗುತ್ತವೆ. ನ್ಯೂಸ್ ಪೇಪರಿಗಿಂತ ಅದು ಬೆಳ್ಳಗಿನ ಕಾಗದ. ಒಣ ಕಸಕ್ಕೆಂದೇ ಪಂಚಾಯ್ತಿಗಳು ಸ್ವಚ್ಛ ಸಂಕೀರ್ಣ ಕಟ್ಟುತ್ತಿವೆ, ಸಂಜೀವಿನಿ ಒಕ್ಕೂಟದ ಹೆಂಗಸರು ನಡೆಸುತ್ತಾರೆ. ಹಾಗಂತ ಅಣ್ಣನಂಥವರನ್ನು ಪ್ರವಾಸಿಗರು ಎಸೆದ ಬಾಟಲಿ, ಡೈಪರ್ ಆರಿಸಲು ನಿಲ್ಲಿಸಬಾರದು. ಯಾರೂ ಒಲ್ಲದ ಕೆಲಸವನ್ನು ಮಾತಾಡಲು ಬಾರದವರ ತಲೆಗೆ ಕಟ್ಟುವುದು ನಮ್ಮ ಸಮಾಜಕ್ಕೆ ಹಳೆಯ ಅಭ್ಯಾಸ. ಶಾಲೆ, ಕಚೇರಿಗಳಿಂದ ಶುದ್ಧ ಕಾಗದವೇ ನೇರ ಬರಲಿ. ಕೊಳ್ಳುವವರೂ ಇದ್ದಾರೆ. ದೋಸೆಗೆ ನಿಲ್ಲುವ ಗಾಡಿಗಳು, ತೇಜಸ್ವಿ ಪ್ರತಿಷ್ಠಾನ ನೋಡಲು ಬರುವ ಓದುಗರು.

ಕೂಲಿಯ ಮಾತು ಮೊದಲೇ ಆಗಬೇಕು. ತರಬೇತಿ ಎಂಬ ಹೆಸರಿನಲ್ಲಿ ವರ್ಷಗಟ್ಟಲೆ ಗೌರವಧನ ಕೊಟ್ಟು ಕೂರಿಸುವುದು ಸುಲಭ. 1948ರ ಕನಿಷ್ಠ ವೇತನ ಕಾಯ್ದೆಯೇ, ಅಂಗವಿಕಲ ಕೆಲಸಗಾರರಿಗೆ ಇದು ಅನ್ವಯಿಸದು ಎಂದು ಆದೇಶಿಸುವ ಅಧಿಕಾರವನ್ನು 26ನೇ ಸೆಕ್ಷನ್‌ನಲ್ಲಿ ಸರ್ಕಾರಕ್ಕೆ ಕೊಟ್ಟಿತ್ತು. ಅದೇ ನಮ್ಮ ರಾಜ್ಯದಲ್ಲಿ ನರೇಗಾ ಕೆಲಸಕ್ಕೆ ಬಂದ ಅಂಗವಿಕಲರಿಗೆ ಅರ್ಧ ಕೆಲಸ ಮಾಡಿದರೂ ಪೂರ್ತಿ ಕೂಲಿ ಎಂಬ ರಿಯಾಯಿತಿ ತಂದರು. ಈ ಎರಡರಲ್ಲಿ ಯಾವ ದಾರಿ ಅಂತ ಮೊದಲ ದಿನವೇ ಬರೆದಿಡಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಉಚಿತ ಶಿಕ್ಷಣ ಕೊಡುವುದು 18 ವರ್ಷದವರೆಗೆ. ಸರ್ಕಾರಿ ಕೆಲಸದಲ್ಲಿ ಮೀಸಲಾತಿಯೂ ಇದೆ, ಆದರೆ ನೋಟನ್ನು ಬಣ್ಣದಲ್ಲಿ ಗುರುತಿಸುವವನು ಯಾವ ಪರೀಕ್ಷೆ ಬರೆದಾನು?

ಪಂಚಾಯ್ತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆಯ ಹತ್ತಿರ ಇದನ್ನೆಲ್ಲ ಹೇಳಿದೆ. ಪಿಂಚಣಿ, ಕಾರ್ಡು ಅಂತ ಮನೆಮನೆ ತಿರುಗುವವರು ಅವರು, ಯಾರ ಮನೆಯಲ್ಲಿ ಯಾರಿದ್ದಾರೆ ಅಂತ ಬಾಯಿಪಾಠ. ಎಂಟು ಹತ್ತು ಜನ ಸಿಗುತ್ತಾರೆ, ಒಕ್ಕೂಟದವರನ್ನು ಕೇಳೋಣ ಅಂದರು.

ದೊಡ್ಡಮ್ಮ ಮಾತ್ರ ಕೂಲಿಯ ವಿಚಾರ, ಕಾಯ್ದೆ ವಿಚಾರ ಯಾವುದನ್ನೂ ಕೇಳಲಿಲ್ಲ. ‘ಅವನನ್ನ ಬಸ್ಸಿಗೆ ಹತ್ತಿಸೋದು ಯಾರೇ? ಮಂಜು ಮುಚ್ಚಿದಾಗ ಸ್ಟಾಪ್ ಯಾವುದು ಅಂತ ನಮಗೇ ಗೊತ್ತಾಗಲ್ಲ. ಸಂಜೆ ಬಸ್ಸು ತಪ್ಪಿದ್ರೆ?’ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಕಾರ್ಯಕರ್ತೆಯೇ ಹೇಳಿದರು, ಕೆಳಗಿನ ತೋಟದ ಲೈನಿನಲ್ಲಿ ಅಣ್ಣನ ಹಾಗೇ ಇರುವ ಹುಡುಗಿ ಇದ್ದಾಳಂತೆ, ಅವಳ ಅಮ್ಮ ಅದೇ ಬಸ್ಸಿನಲ್ಲಿ ದಿನಾ ಬಣಕಲ್‌ಗೆ ಕೆಲಸಕ್ಕೆ ಹೋಗುತ್ತಾರಂತೆ. ದೊಡ್ಡಮ್ಮ ಒಳಗೆ ಹೋಗಿ ಕನ್ನಡಕ ತಂದು ಆ ಅಮ್ಮನ ಫೋನ್ ನಂಬರ್ ಬರೆದುಕೊಂಡರು.