ಮಲಗಿದವರ ಹಾಸಿಗೆ

ಆರು ಆಭ್ಯಂತರ ತಪಸ್ಸುಗಳಲ್ಲಿ ವೈಯಾವೃತ್ಯವೂ ಒಂದೆಂಬುದನ್ನು ಪ್ರವಚನದಲ್ಲಿ ಕೇಳದ ಶ್ರಾವಕರು ವಿರಳ. ಆದರೆ ತಾವಾಗಿಯೇ ಮಗ್ಗುಲು ಬದಲಿಸಲಾರದ ವೃದ್ಧರ ವಿಷಯದಲ್ಲಿ ಆ ಸೇವೆಯು ಬಹುಪಾಲು ಎರಡು ಸಂಗತಿಗಳನ್ನು ಆಶ್ರಯಿಸಿದೆ: ಅವರನ್ನು ಹೊರಳಿಸುವ ಕೈ ಮತ್ತು ಅವರ ಕೆಳಗಿರುವ ಹಾಸಿಗೆ. ದಾನಿಗಳು ಹಣ ಕೊಟ್ಟು ತರಬಲ್ಲದ್ದು ಎರಡನೆಯದನ್ನು. ಆದ್ದರಿಂದ ಅದರ ಗುಣಾವಗುಣಗಳನ್ನು ಅರಿತು ಕೊಳ್ಳುವುದು ಯುಕ್ತ.

ತ್ರಿಕಾಸ್ಥಿ, ಸೊಂಟದ ಪಕ್ಕದ ಎಲುಬು, ಹಿಮ್ಮಡಿ ಮುಂತಾದೆಡೆಗಳಲ್ಲಿ ಎಲುಬಿಗೂ ಚರ್ಮಕ್ಕೂ ನಡುವೆ ಮಾಂಸ ಅಲ್ಪ. ಅಲ್ಲಿ ದೇಹದ ಭಾರ ಎಡೆಬಿಡದೆ ಬಿದ್ದಾಗ ಸೂಕ್ಷ್ಮ ರಕ್ತನಾಳಗಳು ಅದುಮಿಹೋಗಿ ಹಾಸಿಗೆ ಹುಣ್ಣು ಆರಂಭವಾಗುತ್ತದೆ. ಬೆರಳಿನಿಂದ ಒತ್ತಿದರೂ ಬಿಳುಪಾಗದ ಕೆಂಪು ಅದರ ಮೊದಲ ಸೂಚನೆ. ಕಪ್ಪು ಮೈಬಣ್ಣದವರಲ್ಲಿ ಈ ಕೆಂಪು ಕಣ್ಣಿಗೆ ಬೀಳದಿರಬಹುದು. ಅಲ್ಲಿ ಮುಟ್ಟಿ ನೋಡಿದಾಗ ತಿಳಿಯುವ ಬಿಸಿ, ಗಡಸುತನ, ನೋವುಗಳೇ ಸಾಕ್ಷಿ.

ಬೆಲೆ ಹೆಚ್ಚಿದಷ್ಟೂ ರಕ್ಷಣೆ ಹೆಚ್ಚು ಎಂಬುದು ಅಂಗಡಿಯ ನಂಬಿಕೆ. ಬೆಲ್ಜಿಯಂ ದೇಶದ ಫ್ಲಾಂಡರ್ಸ್ ಪ್ರಾಂತದ 26 ವೃದ್ಧಶುಶ್ರೂಷಾಲಯಗಳಲ್ಲಿ 308 ಮಂದಿಯ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪರೀಕ್ಷೆಯು ಈ ನಂಬಿಕೆಯನ್ನು ಅಲುಗಿಸಿತು. ವಿದ್ಯುತ್ ಪಂಪಿನಿಂದ ಕೋಶಕೋಶಗಳಲ್ಲಿ ಗಾಳಿಯ ಒತ್ತಡವನ್ನು ಏರಿಳಿಸುವ ಹಾಸಿಗೆಯ ಮೇಲೆ ಮಲಗಿದವರಲ್ಲಿ ಹದಿನಾಲ್ಕು ದಿನಗಳಲ್ಲಿ ಶೇ. 11.7 ಮಂದಿಗೆ ಹುಣ್ಣಾಯಿತು. ಒಮ್ಮೆ ಗಾಳಿ ತುಂಬಿ ಹಾಗೆಯೇ ಬಿಡುವ ಸ್ಥಿರ ಹಾಸಿಗೆಯ ಮೇಲೆ ಶೇ. 5.2 ಮಂದಿಗೆ ಮಾತ್ರ. ವೆಚ್ಚವೂ ಎರಡನೆಯದರಲ್ಲೇ ಕಡಿಮೆ. ಬ್ರಿಟನ್ನಿನಲ್ಲಿ 2029 ರೋಗಿಗಳ ಮೇಲೆ ನಡೆದ ಮತ್ತೊಂದು ದೊಡ್ಡ ಪರೀಕ್ಷೆಯಲ್ಲಿ ಪಂಪಿನ ಹಾಸಿಗೆಗೂ ಉತ್ತಮ ದರ್ಜೆಯ ಫೋಮ್ ಹಾಸಿಗೆಗೂ ಕಂಡ ಅಂತರವು ಶೇ. 6.9 ಮತ್ತು 8.9ರಷ್ಟು, ಅಂದರೆ ನಿರ್ಣಾಯಕವೆನ್ನಲಾಗದಷ್ಟು. ಕರೆಂಟು ಹೋದೊಡನೆ ಪಂಪು ನಿಲ್ಲುವ ಊರುಗಳ ಟ್ರಸ್ಟುಗಳು ಇದನ್ನು ಗಮನಿಸಬೇಕು.

ಜೈನ ಮನೆಗಳಿಗೆ ನಿಜವಾದ ಇಕ್ಕಟ್ಟು ಬರುವುದು ಬೇರೆಡೆ. ಆಸ್ಟ್ರೇಲಿಯದ ವೈದ್ಯಕೀಯ ಕುರಿದೊಗಲನ್ನು ಹಾಸಿದಾಗ ಹುಣ್ಣು ತಗ್ಗುವುದೆಂಬುದು ನೆದರ್‌ಲ್ಯಾಂಡ್ಸಿನ ಶುಶ್ರೂಷಾಲಯಗಳಲ್ಲಿ ದೃಢಪಟ್ಟಿದೆ: 2010ರಲ್ಲಿ ಪ್ರಕಟವಾದ ಆ ಪರೀಕ್ಷೆಯಲ್ಲಿ ತ್ರಿಕಾಸ್ಥಿಯ ಹುಣ್ಣು ಶೇ. 14.7ರಿಂದ 8.9ಕ್ಕೆ ಇಳಿಯಿತು. ತಾಯಿಯ ನೋವು ಕಣ್ಣೆದುರಿಗಿರುವಾಗ ಮಗನು ಚರ್ಮದ ವಸ್ತುವನ್ನು ನಿರಾಕರಿಸುವುದು ನಿಷ್ಠುರವೆನಿಸಬಹುದು. ಸ್ವೀಕರಿಸಿದರೆ ವ್ರತಭಂಗದ ಅಳುಕು. ಆದರೆ ಅಂಕಿಗಳನ್ನು ಸಾವಧಾನವಾಗಿ ಓದಿದರೆ ಒಂದು ಅಂಶ ಸ್ಪಷ್ಟ. ಅಲ್ಲಿ ಕುರಿದೊಗಲನ್ನು ಹೋಲಿಸಿದ್ದು ಅಲ್ಲಿನ ಎಂದಿನ ಆರೈಕೆಯೊಡನೆಯೇ ಹೊರತು ಸ್ಥಿರ ಗಾಳಿಯ ಹಾಸಿಗೆಯೊಡನೆ ಅಲ್ಲ. ಪ್ರಾಣಿವಧೆಯಿಲ್ಲದ ದಾರಿಯು ರೋಗಿಗೆ ಸಾಲದೆಂದು ಆ ಪರೀಕ್ಷೆ ಹೇಳುವುದಿಲ್ಲ. ಹಾಗೆಂದು ಕೃತಕ ತುಪ್ಪಳದ ಹೊದಿಕೆಯನ್ನು ತಂದು ಸಮಾಧಾನಪಡುವುದೂ ಸಲ್ಲದು. ನಿಜವಾದ ಕುರಿದೊಗಲಿನ ಗುಣ ಅದಕ್ಕಿಲ್ಲ.

ಹಾಸಿಗೆ ಬಂದ ಮಾತ್ರಕ್ಕೆ ಕೈಗಳಿಗೆ ಬಿಡುವಿಲ್ಲ. ಅಮೆರಿಕ ಮತ್ತು ಕೆನಡಾಗಳ 27 ಶುಶ್ರೂಷಾಲಯಗಳಲ್ಲಿ 942 ವೃದ್ಧರನ್ನು ದಟ್ಟವಾದ ಫೋಮ್ ಹಾಸಿಗೆಯ ಮೇಲೆ ಮಲಗಿಸಿ, ಕೆಲವರನ್ನು ಎರಡು, ಕೆಲವರನ್ನು ಮೂರು, ಉಳಿದವರನ್ನು ನಾಲ್ಕು ಗಂಟೆಗೊಮ್ಮೆ ಹೊರಳಿಸಿದರು. 2013ರಲ್ಲಿ ಬಂದ ಫಲಿತಾಂಶದಂತೆ ಮೂರು ವಾರಗಳಲ್ಲಿ ಹುಣ್ಣಾದದ್ದು ಒಟ್ಟು ಶೇ. 2ರಷ್ಟು ಮಂದಿಗೆ, ಮೂರು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸವಿರಲಿಲ್ಲ. ರಾತ್ರಿಯೆಲ್ಲ ಎದ್ದು ಬಳಲಿದ ಸೊಸೆಯಂದಿರಿಗೆ ಇದು ಸಣ್ಣ ಸಮಾಧಾನವಲ್ಲ. ಆದರೆ ಅದು ಒಳ್ಳೆಯ ಫೋಮಿನ ಮೇಲೆ ಸಿಕ್ಕ ಫಲ; ಕುಸಿದ ಹತ್ತಿಯ ಹಾಸಿಗೆಗೆ ಅನ್ವಯಿಸದು.

ದಾನದ ಪಟ್ಟಿಯಿಂದ ಬಳೆಯಾಕಾರದ ರಬ್ಬರ್ ದಿಂಬನ್ನು ಕೈಬಿಡಬಹುದು. ಅದು ಭಾರವನ್ನು ತನ್ನ ಅಂಚಿಗೆ ತಳ್ಳಿ ನಡುವಿನ ರಕ್ತಸಂಚಾರವನ್ನು ಕುಗ್ಗಿಸುತ್ತದೆ. ಕೆಂಪಾದ ಜಾಗವನ್ನು ಎಣ್ಣೆ ಹಚ್ಚಿ ತಿಕ್ಕುವ ವಾಡಿಕೆಯೂ ಕೂಡದು. ಹಿಮ್ಮಡಿಗೆ ಮಾತ್ರ ಯಾವ ದುಬಾರಿ ಹಾಸಿಗೆಯೂ ಬೇಡ: ಮೀನಖಂಡದ ಉದ್ದಕ್ಕೂ ಒಂದು ಸಾದಾ ದಿಂಬನ್ನಿಟ್ಟು, ಹಿಮ್ಮಡಿಯು ಏನನ್ನೂ ಮುಟ್ಟದಂತೆ ಗಾಳಿಯಲ್ಲಿ ನಿಲ್ಲಿಸಿದರೆ ಸಾಕು.