ಡೇರೆಯಲ್ಲಿ ಮೂರು ರಾತ್ರಿ

ನಮ್ಮ ಬೀದರ ಜಿಲ್ಲೆಯವರಿಗೆ ಬಯಲಿನಲ್ಲಿ ಮಲಗುವುದು ಹೊಸದೇನಲ್ಲ. ಬೇಸಿಗೆ ಬಂತೆಂದರೆ ಔರಾದದಲ್ಲಿಯೂ ಭಾಲ್ಕಿಯಲ್ಲಿಯೂ ಮನೆಮಂದಿಯೆಲ್ಲ ಹಾಸಿಗೆ ಹೊತ್ತು ಮಾಳಿಗೆ ಏರುತ್ತಿದ್ದರು. ಸುಗ್ಗಿಯಲ್ಲಿ ರಾಶಿ ಕಾಯುವವರು ಕಣದಲ್ಲಿಯೇ ಮಲಗುತ್ತಿದ್ದರು. ಆದರೆ 1993ರ ಅಕ್ಟೋಬರಿನಲ್ಲಿ ನಾವು ಅಂಗಳಕ್ಕೆ ಬಂದದ್ದು ಸೆಖೆಗಾಗಿಯೂ ಅಲ್ಲ, ರಾಶಿಗಾಗಿಯೂ ಅಲ್ಲ. ಆ ವರ್ಷದ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಾಲ್ಕು ಗಂಟೆಗೆ ಇನ್ನೂ ನಾಲ್ಕೈದು ನಿಮಿಷವಿರುವಾಗ, ಲಾತೂರ ಜಿಲ್ಲೆಯ ಕಿಲ್ಲಾರಿಯ ಬಳಿ ಭೂಮಿ ನಡುಗಿತು. ಹಿಂದಿನ ದಿನ ಗಣಪತಿಯ ವಿಸರ್ಜನೆ ಮುಗಿಸಿ ಮಲಗಿದ್ದ ಊರುಗಳವು. ಕಲ್ಲುಮಣ್ಣಿನ ದಪ್ಪ ಗೋಡೆಗಳೂ ಅವುಗಳ ಮೇಲಿನ ಭಾರವಾದ ಮಣ್ಣಿನ ಮಾಳಿಗೆಗಳೂ ನಿದ್ರೆಯಲ್ಲಿದ್ದವರ ಮೇಲೆ ಕುಸಿದು, ಹತ್ತು ಸಾವಿರದ ಹತ್ತಿರ ಜನ ತೀರಿಕೊಂಡರು. ಭಾಲ್ಕಿಯಿಂದ ನೇರ ಪಶ್ಚಿಮಕ್ಕೆ ಹೋದರೆ ಕಿಲ್ಲಾರಿ ನೂರು ಕಿಲೋಮೀಟರೂ ಆಗುವುದಿಲ್ಲ.

ಔರಾದದ ನಮ್ಮ ಮನೆಯೂ ಅಂಥದೇ ಕಲ್ಲುಮಣ್ಣಿನ ಮನೆ. ಅಂದು ಅಡುಗೆಮನೆಯ ಪಾತ್ರೆಗಳು ತಾವಾಗಿ ಸದ್ದು ಮಾಡಿದವು. ಮಾಳಿಗೆಯಿಂದ ಉದುರಿದ ಮಣ್ಣು ಹತ್ತು ವರ್ಷದ ನನ್ನ ಮಗಳ ಮುಖದ ಮೇಲೆ ಬಿತ್ತು. ಗೋಡೆ ಬಿರುಕು ಬಿಡಲಿಲ್ಲ, ಯಾರಿಗೂ ಏನೂ ಆಗಲಿಲ್ಲ. ದೀಪಾವಳಿಯ ಹೊತ್ತಿಗೆ ಓಣಿಯವರೆಲ್ಲ ಒಳಗೆ ಸೇರಿದರು. ಅವಳು ಮಾತ್ರ ಸೇರಲಿಲ್ಲ. ಹಗಲು ಒಳಗೆ ಉಣ್ಣುತ್ತಿದ್ದಳು, ಓದುತ್ತಿದ್ದಳು. ದೀಪ ಹಚ್ಚಿದೊಡನೆ ಕೌದಿ ಎತ್ತಿಕೊಂಡು ಹೊರಗೆ. ಅವಳೊಬ್ಬಳನ್ನೇ ಬಿಡಲಾಗದೆ ನಮ್ಮ ಅತ್ತೆಯೂ ಅಂಗಳದಲ್ಲಿಯೇ ಮಂಚ ಹಾಕಿಸಿಕೊಂಡರು. ಬೀದರಿನ ಚಳಿ ಎಂಥದೆಂದು ನಿಮಗೆ ಹೇಳಬೇಕಾಗಿಲ್ಲ. ಡಿಸೆಂಬರ್ ಬರುವಷ್ಟರಲ್ಲಿ ಅತ್ತೆಯವರ ಕೆಮ್ಮು ಇಡೀ ಓಣಿಗೆ ಕೇಳಿಸತೊಡಗಿತು.

ಅದೇ ತಿಂಗಳು ಬೀದರಿನಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ಶಿಬಿರವೊಂದು ಏರ್ಪಟ್ಟಿತು. ನಮ್ಮ ಶಾಲೆಯ ಹುಡುಗಿಯರ ಜೊತೆ ಶಿಕ್ಷಕಿಯೊಬ್ಬರು ಹೋಗಬೇಕಾಗಿತ್ತು. ಮುಖ್ಯೋಪಾಧ್ಯಾಯರು ನನ್ನ ಹೆಸರು ಬರೆದರು. ಹತ್ತು ತುಂಬಿದ ಹುಡುಗಿ ಗೈಡ್ ಆಗಬಹುದೆಂದು ತಿಳಿದು ನಾನು ಮಗಳ ಹೆಸರನ್ನೂ ಸೇರಿಸಿದೆ. ಡೇರೆ ಎಂಬುದನ್ನು ನಾವಿಬ್ಬರೂ ಜಾತ್ರೆಯಲ್ಲಿ ಕಂಡಿದ್ದೆವೇ ಹೊರತು ಒಳಗೆ ಮಲಗಿದವರಲ್ಲ.

"ಎರಡು ತಿಂಗಳಿಂದ ಪುಕ್ಕಟೆ ಬಯಲಾಗ ಮಲಗೇವಿ. ಈಗ ರೊಕ್ಕ ಕೊಟ್ಟು ಬಯಲಾಗ ಮಲಗಾಕ ಹೋಗಬೇಕೇನವಾ?" ಎಂದರು ಅತ್ತೆ. ಮಾತಿನಲ್ಲಿ ಸತ್ಯವಿತ್ತು, ಉತ್ತರ ಕೊಡಲಾಗಲಿಲ್ಲ.

ಈ ಚಳವಳಿಯ ಮೊದಲ ಶಿಬಿರ 1907ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ನಡೆಯಿತು. ಬೇಡನ್ ಪೊವೆಲ್ ಕರೆದೊಯ್ದ ಇಪ್ಪತ್ತರಷ್ಟು ಹುಡುಗರಲ್ಲಿ ಸಿರಿವಂತರ ಮಕ್ಕಳೂ ಇದ್ದರು, ದುಡಿಯುವವರ ಮಕ್ಕಳೂ ಇದ್ದರು. ತಂದೆಯಿಲ್ಲದ ತಮ್ಮ ಅಣ್ಣನ ಮಗನನ್ನೂ, ಒಂಬತ್ತರ ಪೋರನನ್ನು, ಆತ ಜೊತೆಗೆ ಕರೆದೊಯ್ದಿದ್ದರು. ನಮ್ಮ ದೇಶದಲ್ಲಿ ಬೇರೆ ಬೇರೆಯಾಗಿದ್ದ ಸಂಘಗಳು ಕೂಡಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆದದ್ದು 1950ರ ನವೆಂಬರ್ 7ರಂದು. ಇವೆಲ್ಲವನ್ನು ನಾನು ಆಮೇಲೆ ಓದಿ ತಿಳಿದೆ. ಬೀದರಿಗೆ ಹೊರಟ ಬಸ್ಸಿನಲ್ಲಿ ನನಗೆ ಗೊತ್ತಿದ್ದುದು ನೀಲಿ ಸಮವಸ್ತ್ರ ಮತ್ತು ಎಡಗೈ ಕುಲುಕುವ ಪದ್ಧತಿ, ಇಷ್ಟೇ.

ಊರಿನ ಅಂಚಿನ ಕೆಂಪು ಬಯಲಿನಲ್ಲಿ ಡೇರೆ ಹಾಕಬೇಕಾಗಿತ್ತು. ಔರಾದ, ಭಾಲ್ಕಿಯ ಮಕ್ಕಳು ಎರೆಮಣ್ಣಿನವರು. ಅವರ ನೆಲದಲ್ಲಿ ಗೂಟ ತಾನಾಗಿ ಇಳಿಯುತ್ತದೆ. ಬೀದರ ನಗರ ಕುಳಿತಿರುವುದು ಜಂಬಿಟ್ಟಿಗೆ ಕಲ್ಲಿನ ಮೇಲೆ. ಎರಡು ಏಟಿಗೆ ಗೂಟಗಳು ಬಾಗಿದವು. ಬೀದರಿನ ಹುಡುಗಿಯರು ನಕ್ಕು, ದೊಡ್ಡ ಕಲ್ಲುಗಳನ್ನು ಉರುಳಿಸಿಕೊಂಡು ಬಂದು ಅವುಗಳಿಗೇ ಹಗ್ಗ ಕಟ್ಟುವುದನ್ನು ತೋರಿಸಿದರು. ಶಿಬಿರದ ನಾಯಕಿ ಕಲಿಸಿದ ‘ಕ್ಲೋವ್ ಹಿಚ್’ ಗಂಟು ಭಾಲ್ಕಿ ಕಡೆಯ ಒಕ್ಕಲಿಗರ ಹುಡುಗಿಯೊಬ್ಬಳಿಗೆ ಆಗಲೇ ಬರುತ್ತಿತ್ತು. ಅವಳಿಗೆ ಅದು ದನ ಕಟ್ಟುವ ಗಂಟು. ಕನ್ನಡದ ಗಂಟು, ಮರಾಠಿಯ ಗಾಠ್, ಉರ್ದುವಿನ ಗಾಂಠ್ ಮೂರೂ ಒಂದೇ ಹಗ್ಗದ ಮೇಲೆ ಬಿದ್ದದ್ದನ್ನು ಕೇಳಿ ಭಾಷೆ ಕಲಿಸುವ ನನಗೆ ಆದ ಸಂತೋಷವನ್ನು ಏನೆಂದು ಹೇಳಲಿ!

ಏಳೆಂಟು ಹುಡುಗಿಯರ ಗುಂಪಿಗೆ ‘ಪೆಟ್ರೋಲ್’ ಎನ್ನುತ್ತಾರೆ. (ಗಾಡಿಗೆ ಹಾಕುವುದಕ್ಕೂ ಇದಕ್ಕೂ ಸಂಬಂಧವಿಲ್ಲ.) ಮಗಳು ಬೇರೆ ಪೆಟ್ರೋಲ್‌ಗೆ, ಬೇರೆ ಡೇರೆಗೆ ಹೋದಳು. ಶಿಬಿರದಲ್ಲಿ ಅವ್ವ ಎನ್ನುವಂತಿಲ್ಲ, ಎಲ್ಲರಂತೆ ಟೀಚರ್ ಎನ್ನಬೇಕು ಎಂದು ನಾಯಕಿ ಹೇಳಿದಾಗ ಅವಳು ತಲೆಯಾಡಿಸಿದಳು. ನನಗೇ ಕಸಿವಿಸಿಯಾಯಿತು. ಮೊದಲ ರಾತ್ರಿ ಅವಳ ಡೇರೆಯತ್ತ ಕಿವಿಯಿಟ್ಟು ಮಲಗಿದ್ದೆ. ಏನೂ ಕೇಳಿಸಲಿಲ್ಲ.

ಮರುದಿನ ನಡಿಗೆಯಲ್ಲಿ ನಗರದೊಳಗೆ ಹೋಗಿ ಮಹಮೂದ್ ಗವಾನನ ಮದರಸಾ ನೋಡಿದೆವು. 1472ರಲ್ಲಿ ಕಟ್ಟಿದ್ದು, ಎರಡು ಮಿನಾರುಗಳಲ್ಲಿ ಒಂದು ಮಾತ್ರ ನಿಂತಿದೆ.

"ಟೀಚರ್, ಇದೂ ಭೂಕಂಪಕ್ಕ ಬಿತ್ತೇನ್ರಿ?" ಎಂದು ಮಗಳು ಕೇಳಿದಳು. ಇಲ್ಲ, ಔರಂಗಜೇಬನ ಕಾಲದಲ್ಲಿ ಸಿಡಿಮದ್ದು ಸ್ಫೋಟಿಸಿ ಬಿದ್ದದ್ದು ಎಂದೆ. "ಹಂಗಾದ್ರ ಮೊನ್ನಿ ಭೂಕಂಪದಾಗ ಈ ಇನ್ನೊಂದು ಬೀಳಲಿಲ್ಲೇನ್ರಿ?" ಎಂದಳು. ನಮ್ಮೆದುರಿಗೇ ನಿಂತಿತ್ತು. ಎಲ್ಲರೂ ಮುಂದೆ ಹೋದರೂ ಅವಳು ಅದರ ಬುಡವನ್ನೇ ನೋಡುತ್ತ ಹಿಂದೆ ಉಳಿದಳು.

ಆ ಸಂಜೆ ನಾಯಕಿ ಹೊಸ ಪಾಠ ಹೇಳಿದರು. ನೂಲಿನ ಹಗ್ಗ ಇಬ್ಬನಿಯಲ್ಲಿ ನೆನೆದರೆ ಎಳೆಗಳು ಉಬ್ಬುತ್ತವೆ, ಹಗ್ಗ ಗಿಡ್ಡವಾಗುತ್ತದೆ. ಬಿಗಿದು ಕಟ್ಟಿದ್ದರೆ ಗೂಟವನ್ನೇ ಕಿತ್ತು ಡೇರೆ ಮಲಗುತ್ತದೆ. ಆದ್ದರಿಂದ ಮಲಗುವ ಮೊದಲು ಪ್ರತಿ ಹಗ್ಗವನ್ನೂ ತುಸು ಸಡಿಲಿಸಬೇಕು.

ನಸುಕಿನಲ್ಲಿ ಯಾರೋ ನನ್ನ ಕಾಲ್ಬೆರಳು ಹಿಡಿದೆಳೆದರು. ಕೈಗಡಿಯಾರ ನೋಡಿದೆ: ನಾಲ್ಕಕ್ಕೆ ಹತ್ತು ನಿಮಿಷ. ಎದೆ ಧಸಕ್ಕೆಂದಿತು. "ಟೀಚರ್, ನಿಮ್ಮ ಡೇರೆ ಹಗ್ಗ ಬಿಗದದ. ನಮ್ಮವು ಸಡಿಲ ಮಾಡಿ ಬಂದೀನಿ," ಎಂದು ಮಗಳು ಪಿಸುಗುಟ್ಟಿದಳು. ಇಬ್ಬರೂ ಹೊರಬಂದೆವು. ಹಗ್ಗಗಳು ತಂತಿಯಂತಾಗಿದ್ದವು. ನಾನು ಟಾರ್ಚು ಹಿಡಿದೆ. ಅವಳು ಚಳಿಗೆ ಮರಗಟ್ಟಿದ ಬೆರಳುಗಳಿಂದ ಒಂದೊಂದಾಗಿ ಸಡಿಲಿಸಿದಳು. ಆ ಹೊತ್ತಿಗೆ ಅವಳು ದಿನವೂ ಎಚ್ಚರವಾಗುತ್ತಿದ್ದಳೆಂದು ನನಗೆ ಗೊತ್ತಿತ್ತು. ಎದ್ದು ಮಾಡುವುದಕ್ಕೆ ಒಂದು ಕೆಲಸ ದೊರೆತದ್ದನ್ನು ಅಂದು ಕಂಡೆ. ಮುಗಿದ ಮೇಲೆ, ಸುತ್ತ ಯಾರೂ ಇಲ್ಲವೆಂದು ನೋಡಿ, "ಅವ್ವ, ಇನ್ನ ಮಲ್ಕೋ," ಎಂದು ಹೇಳಿ ಓಡಿಹೋದಳು.

ಮೂರು ರಾತ್ರಿ ಕಳೆದು ಔರಾದಕ್ಕೆ ಮರಳಿದೆವು. ಚೀಲ ಇಳಿಸಿದವಳೇ ತಂದೆಯನ್ನು ಎಳೆದುಕೊಂಡು ಮನೆಯ ಸುತ್ತ ನಡೆದಳು. ಮಾಳಿಗೆಯನ್ನು ಯಾವುದು ಹೊತ್ತಿದೆ, ತೊಲೆ ಯಾವುದರ ಮೇಲೆ ಕೂತಿದೆ, ಕಂಬದ ಕೆಳಗೆ ಏನಿದೆ ಎಂದು ಕೇಳಿದಳು. ಅವರು ಏಣಿ ಹಾಕಿ ತೋರಿಸಿದರು. ಅವಳು ಜಂತಿಗಳನ್ನು ಎಣಿಸಿದಳು. ಅಂದು ರಾತ್ರಿ ಕೌದಿ ಹೊಸ್ತಿಲಿನ ಒಳಗೆ ಒಂದು ಮೊಳ ಬಂತು. ಬಾಗಿಲು ತೆರೆದಿರಬೇಕೆಂಬ ಕರಾರು ಇತ್ತು. ವಾರಕ್ಕೆ ಒಂದು ಮೊಳದಂತೆ ಒಳಗೆ ಸರಿಯಿತೆನ್ನಬಹುದು.

ಬಂದ ಎಳ್ಳಮಾವಾಸ್ಯೆಗೆ, 1994ರ ಜನವರಿಯಲ್ಲಿ, ಹೊಲದಲ್ಲಿ ಜೋಳದ ದಂಟಿನ ಗುಡಿಸಲಿಗೆ ಗಂಟು ಹಾಕಿದವಳು ಅವಳೇ. ಅಷ್ಟರಲ್ಲಿ ಅತ್ತೆಯವರ ಮಂಚವೂ ಒಳಗೆ ಬಂದಿತ್ತು. ಭಜ್ಜಿ ಬಡಿಸುತ್ತ ಅವರು, "ನಿಮ್ಮ ಶಿಬಿರಕ್ಕ ರೊಕ್ಕ ಎಷ್ಟು ಕೊಟ್ಟಿದ್ರಿ?" ಎಂದು ಕೇಳಿದರು. ಹೇಳಿದೆ. "ಹೋಗ್ಲಿ ಬಿಡು," ಎಂದು ಮೊಮ್ಮಗಳ ತಟ್ಟೆಗೆ ಇನ್ನೊಂದು ಸೌಟು ಹಾಕಿದರು.